ನೋವಿಗೆ ವೇಳಾಪಟ್ಟಿ ಇದೆ, ಚೀಟಿಗಿಲ್ಲ

ಬುದ್ಧಿ ಹಲ್ಲು ಕೀಳಿಸಿಕೊಂಡು ಬಂದವರ ಮನೆಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಎರಡು ದಿನ ನೋವು ಇದ್ದೇ ಇರುತ್ತೆ, ತಡ್ಕೋ.’ ಕೆನ್ನೆ ಊದಿದರೆ ಎರಡನೆಯ ಮಾತು: ‘ಇನ್‌ಫೆಕ್ಷನ್ ಆಗಿರ್ಬೇಕು, ಮೆಡಿಕಲ್‌ನಲ್ಲಿ ಆ್ಯಂಟಿಬಯಾಟಿಕ್ ಕೇಳಿ ತಗೊಂಡು ಬನ್ನಿ.’ ಹಲ್ಲಿನ ಆಪರೇಷನ್ ಆದಮೇಲೆ ನಮ್ಮಲ್ಲಿ ನಡೆಯುವ ಆರೈಕೆಯೆಲ್ಲ ನಿಂತಿರುವುದು ಈ ಎರಡು ಮಾತುಗಳ ಮೇಲೆ. ಅಜ್ಜಿ ಹೇಳುತ್ತಾರೆ, ಪಕ್ಕದ ಮನೆಯವರು ಹೇಳುತ್ತಾರೆ, ಔಷಧಿ ಅಂಗಡಿಯ ಹುಡುಗ ಹೇಳುತ್ತಾನೆ. ಹೇಳಲಿ, ಅವರು ಓದಿದ್ದು ದಂತವೈದ್ಯವಲ್ಲ. ಆದರೆ ಐದು ವರ್ಷ ಬಿಡಿಎಸ್ ಓದಿ ಬೋರ್ಡು ಹಾಕಿಕೊಂಡವರೂ ಚೀಟಿಯಲ್ಲಿ ಬರೆಯುವುದು ಇವೇ ಎರಡು ಮಾತುಗಳಾದಾಗ, ಅದೂ ಇಂಗ್ಲಿಷಿನಲ್ಲಿ, ಸುಮ್ಮನಿರುವುದು ಕಷ್ಟ.

ಕಳೆದ ವರ್ಷ ನನ್ನ ಅಕ್ಕನ ಮಗಳು ಒಂದು ಶುಕ್ರವಾರ ಸಂಜೆ ಕೆಳದವಡೆಯ ಬುದ್ಧಿ ಹಲ್ಲು ತೆಗೆಸಿಕೊಂಡಳು. ಹಲ್ಲು ಅಡ್ಡ ಮಲಗಿತ್ತು. ವಸಡು ಸೀಳಿ, ಎಲುಬು ಕೊರೆದು, ಹಲ್ಲನ್ನು ಎರಡು ತುಂಡು ಮಾಡಿ ತೆಗೆದು ಮೂರು ಹೊಲಿಗೆ ಹಾಕಿದರು. ಕೆಲಸ ಅಚ್ಚುಕಟ್ಟಾಗಿತ್ತು, ಅದರ ಮೇಲೆ ನನ್ನ ದೂರಿಲ್ಲ. ಆಮೇಲೆ ಕೈಗೆ ಬಂದ ಚೀಟಿಯ ಮೇಲೆ ದೂರಿದೆ. ಐದು ದಿನಕ್ಕೆ ಎರಡು ಬಗೆಯ ಆ್ಯಂಟಿಬಯಾಟಿಕ್, ಒಂದು ಗ್ಯಾಸ್ಟ್ರಿಕ್ ಮಾತ್ರೆ, ‘ಊತಕ್ಕೆ’ ಎಂದು ಮತ್ತೊಂದು. ನೋವಿನ ಮಾತ್ರೆಯ ಮುಂದೆ ಮಾತ್ರ ಮೂರು ಅಕ್ಷರ: ಎಸ್‌ಒಎಸ್. ‘ಹಂಗಂದ್ರೆ, ನೋವು ಬಂದ್ರೆ ಒಂದು ತಗೋಬೇಕು ಅಷ್ಟೆ’ ಎಂದು ಕೌಂಟರಿನಲ್ಲಿದ್ದ ಹುಡುಗಿ ಬಿಡಿಸಿ ಹೇಳಿದಳು.

ರಾತ್ರಿ ಎಂಟಕ್ಕೆ ತುಟಿಯ ಜೋಮು ಬಿಟ್ಟಿತು. ಒಂಬತ್ತಕ್ಕೆ ನೋವು ಶುರುವಾಯಿತು. ‘ಇನ್ನೂ ಸ್ವಲ್ಪ ನೋಡೋಣ, ಸುಮ್ಮಸುಮ್ಮನೆ ಮಾತ್ರೆ ತಗೊಂಡ್ರೆ ಹೀಟಾಗುತ್ತೆ’ ಎಂದಳು ಅಕ್ಕ. ಹನ್ನೊಂದರ ಹೊತ್ತಿಗೆ ಹುಡುಗಿ ಗೋಡೆಗೆ ಹಣೆ ಒತ್ತಿಕೊಂಡು ಕೂತಿದ್ದಳು. ಆಗ ಮಾತ್ರೆ ಕೊಟ್ಟರು. ಅದು ಹಿಡಿಯುವಷ್ಟರಲ್ಲಿ ಹನ್ನೆರಡು ದಾಟಿತ್ತು. ಭಾನುವಾರ ಬೆಳಿಗ್ಗೆ ಕೆನ್ನೆ ಊದಿ ಒಂದು ಕಣ್ಣು ಸಣ್ಣಗಾಗಿತ್ತು. ಕ್ಲಿನಿಕ್ಕಿಗೆ ಫೋನ್ ಮಾಡಿದರೆ ‘ಡಾಕ್ಟ್ರು ನಾಳೆ ಸಿಗ್ತಾರೆ’ ಎಂಬ ಉತ್ತರ. ಭಾವ ಮೆಡಿಕಲ್ ಶಾಪಿಗೆ ಹೋಗಿ ‘ಇನ್ನೂ ಪವರ್ ಇರೋದು’ ಎಂದು ಮೂರನೆಯ ಆ್ಯಂಟಿಬಯಾಟಿಕ್ ತಂದರು. ಮಂಗಳವಾರ ಅವಳು ನನಗೆ ಫೋನ್ ಮಾಡಿ ಅತ್ತಳು: ‘ಮಾವ, ಹಲ್ಲು ಕಿತ್ತ ಕಡೆಗಿಂತ ಕಿವಿಯೊಳಗೆ ನೋಯ್ತಿದೆ.’ ಮತ್ತೆ ಕ್ಲಿನಿಕ್ಕಿಗೆ ಹೋದೆವು. ಗಾಯದ ಗುಳಿಯನ್ನು ತೊಳೆದು ಒಂದು ಔಷಧಿ ತುಂಬಿದರು. ಹತ್ತು ನಿಮಿಷದ ಕೆಲಸ. ಆಟೊ ಮನೆ ಮುಟ್ಟುವುದರೊಳಗೆ ಹುಡುಗಿ ನನ್ನ ಭುಜದ ಮೇಲೆ ನಿದ್ದೆ ಹೋಗಿದ್ದಳು.

ನಾಲ್ಕು ರಾತ್ರಿಯ ನಿದ್ದೆ ಹಾಳಾಯಿತು, ಮೂರು ಆ್ಯಂಟಿಬಯಾಟಿಕ್ ಹೊಟ್ಟೆಗೆ ಹೋಯಿತು. ಕೊನೆಗೆ ಬೇಕಾಗಿದ್ದದ್ದು ಹತ್ತು ನಿಮಿಷ. ಇದು ಅವಳೊಬ್ಬಳ ಹಣೆಬರಹವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಈ ಕಥೆ ಹೇಳಿದಾಗಲೆಲ್ಲ ಕೇಳಿದವರು ‘ನಮಗೂ ಹಿಂಗೇ ಆಗಿತ್ತು’ ಎಂದು ತಮ್ಮ ಕೆನ್ನೆ ಮುಟ್ಟಿಕೊಳ್ಳುತ್ತಾರೆ.

ನಾನು ವೈದ್ಯನಲ್ಲ. ಆದರೆ ಆ ವಾರದ ಬಳಿಕ ಓದುತ್ತಾ ಹೋದಂತೆ ಸಿಟ್ಟು ಏರಿತು. ಯಾಕೆಂದರೆ ಅವಳಿಗೆ ಆದದ್ದರಲ್ಲಿ ಮೊದಲೇ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಮರಗಟ್ಟಿಸಲು ಕೊಡುವ ಲಿಡೊಕೇನ್ ಇಂಜೆಕ್ಷನ್ನಿನ ಜೋಮು ಕೆಳದವಡೆಯಲ್ಲಿ ಮೂರರಿಂದ ಐದು ಗಂಟೆ ಇರುತ್ತದೆ. ಅದು ಬಿಟ್ಟ ಕೂಡಲೇ ನೋವು ಏರತೊಡಗುತ್ತದೆ, ಮೊದಲ ರಾತ್ರಿಯೇ ತುದಿ ಮುಟ್ಟುತ್ತದೆ. ಊತ ನಿಧಾನಿ. ಅದು ಎರಡನೆಯ, ಮೂರನೆಯ ದಿನ ಅತಿ ಹೆಚ್ಚಾಗಿ, ವಾರದೊಳಗೆ ಬಹುಪಾಲು ಇಳಿಯುತ್ತದೆ. ಬಾಯಿ ಅಗಲಿಸಲಾಗದ ಬಿಗಿತವೂ ಹೆಚ್ಚುಕಡಿಮೆ ಅದೇ ದಾರಿ ಹಿಡಿಯುತ್ತದೆ. ಗುಳಿಯಲ್ಲಿ ಕಟ್ಟಿದ ರಕ್ತದ ಹೆಪ್ಪು ಕಳಚಿ ಎಲುಬು ಬಯಲಾದರೆ ಅದಕ್ಕೆ ಡ್ರೈ ಸಾಕೆಟ್ ಎನ್ನುತ್ತಾರೆ. ಅದು ಬಂದರೆ ಸಾಮಾನ್ಯವಾಗಿ ಮೂರನೆಯ ಅಥವಾ ನಾಲ್ಕನೆಯ ದಿನ ಬರುತ್ತದೆ, ನೋವು ಕಿವಿಗೆ ಎಳೆಯುತ್ತದೆ. 1896ರಲ್ಲೇ ವೈದ್ಯ ಸಾಹಿತ್ಯದಲ್ಲಿ ಹೆಸರು ಪಡೆದ ತೊಂದರೆ ಇದು. ಶುಕ್ರವಾರ ರಾತ್ರಿ, ಭಾನುವಾರ ಬೆಳಿಗ್ಗೆ, ಮಂಗಳವಾರ: ನಮ್ಮ ಹುಡುಗಿಯ ದೇಹ ಪುಸ್ತಕದಲ್ಲಿ ಬರೆದ ವೇಳೆಗೆ ಸರಿಯಾಗಿ ನಡೆದುಕೊಂಡಿತ್ತು. ವೇಳೆ ತಪ್ಪಿದ್ದು ನಾವು.

ಇನ್ನೂ ಸೋಜಿಗದ ಸಂಗತಿಯಿದೆ. ಹೊಸ ನೋವಿನ ಮಾತ್ರೆಯೊಂದು ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ನೋಡಬೇಕಾದಾಗ ಜಗತ್ತಿನ ಔಷಧ ಸಂಶೋಧಕರು ಹತ್ತಾರು ವರ್ಷಗಳಿಂದ ಯಾರನ್ನು ಹುಡುಕುತ್ತಾ ಬಂದಿದ್ದಾರೆ ಗೊತ್ತೆ? ಬುದ್ಧಿ ಹಲ್ಲು ಕೀಳಿಸಿಕೊಂಡವರನ್ನು. ಕಾರಣ ಸರಳ. ಅವರು ಪ್ರಾಯದವರು, ಬೇರೆ ಕಾಯಿಲೆ ಇಲ್ಲದವರು. ಎಲ್ಲರಿಗೂ ಒಂದೇ ಬಗೆಯ ಆಪರೇಷನ್, ಎಲ್ಲರಿಗೂ ಹೇಳಿ ಕಳುಹಿಸಿದಂತೆ ಒಂದೇ ಹೊತ್ತಿಗೆ ಬರುವ ನೋವು. ಐಬುಪ್ರೊಫೆನ್ ಎಷ್ಟು ಹೊತ್ತಿಗೆ ಹಿಡಿಯುತ್ತದೆ, ಪ್ಯಾರಾಸಿಟಮಾಲ್ ಎಷ್ಟು ಹೊತ್ತಿಗೆ ಬಿಡುತ್ತದೆ ಎಂಬುದನ್ನೆಲ್ಲ ಅಳೆದದ್ದು ಇವರ ದವಡೆಯ ಮೇಲೆ. ಅಂದರೆ ಮನುಷ್ಯ ಅತ್ಯಂತ ಹತ್ತಿರದಿಂದ ಅಭ್ಯಾಸ ಮಾಡಿದ ನೋವುಗಳಲ್ಲಿ ಇದೂ ಒಂದು. ಆ ನೋವನ್ನು ಮುಂದಿಟ್ಟುಕೊಂಡು ನಾವು ಹೇಳುವುದೇನು? ‘ನೋಡೋಣ, ಬಂದರೆ ತಗೊಳ್ಳಿ.’ ಮಳೆಗಾಲದಲ್ಲಿ ಆಗುಂಬೆಗೆ ಹೊರಟವನಿಗೆ ‘ಮಳೆ ಬಂದರೆ ಕೊಡೆ ಕೊಂಡುಕೋ’ ಎಂದಂತಾಯಿತು.

ಹಾಗಾಗಿ ನನ್ನ ಮೊದಲ ಆರೋಪ ಆ ಮೂರು ಅಕ್ಷರಗಳ ಮೇಲೆ. ಎಸ್‌ಒಎಸ್ ಎನ್ನುವುದು ‘ಅಗತ್ಯ ಬಿದ್ದರೆ’ ಎಂಬರ್ಥದ ಲ್ಯಾಟಿನ್ ಮಾತಿನ ಮೊದಲಕ್ಷರಗಳು. ಜನಕ್ಕೆ ಗೊತ್ತಿರುವ ಎಸ್‌ಒಎಸ್ ಬೇರೆ, ಮುಳುಗುವ ಹಡಗು ಕೂಗುವ ಕೂಗು. ಡಾಕ್ಟರು ಲ್ಯಾಟಿನ್‌ನಲ್ಲಿ ಬರೆಯುತ್ತಾರೆ, ರೋಗಿ ಹಡಗಿನ ಅರ್ಥದಲ್ಲಿ ಓದಿಕೊಂಡು ಪೂರ್ತಿ ಮುಳುಗಿದ ಮೇಲೆ ಮಾತ್ರೆ ನುಂಗುತ್ತಾನೆ. ಬರುವುದು ಖಚಿತವಾಗಿರುವ ನೋವಿಗೆ ‘ಅಗತ್ಯ ಬಿದ್ದರೆ’ ಎಂಬ ಷರತ್ತೇಕೆ? ಎಲುಬು ಕೊರೆದ ಮೇಲೂ ಅಗತ್ಯ ಬೀಳದಿರಬಹುದು ಎಂಬ ಸಂಶಯ ಡಾಕ್ಟರಿಗಿದೆಯೆ?

ಕಾಯುವುದರಿಂದ ಏನು ಕೆಡುತ್ತದೆ ಎಂಬುದೂ ಗುಟ್ಟಿನ ವಿದ್ಯೆಯಲ್ಲ. ಗಾಯವಾದ ಜಾಗದಲ್ಲಿ ದೇಹ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳನ್ನು ತಯಾರಿಸುತ್ತದೆ. ಅವು ನರಗಳನ್ನು ಹದ ಮಾಡಿ ಸಣ್ಣ ಸ್ಪರ್ಶವೂ ಉರಿಯುವಂತೆ ಮಾಡುತ್ತವೆ, ಊತವನ್ನೂ ತರುತ್ತವೆ. ಆಸ್ಪಿರಿನ್ ಜಾತಿಯ ಮಾತ್ರೆಗಳು ಈ ತಯಾರಿಕೆಯನ್ನೇ ತಡೆಯುತ್ತವೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ಅವರೂ ಸೇರಿ ಮೂವರಿಗೆ ನೊಬೆಲ್ ಬಂತು. ಐಬುಪ್ರೊಫೆನ್ ಕೂಡ ಇದೇ ಕುಲದ್ದು. ಇಂಥ ಮಾತ್ರೆ ತಯಾರಾಗುತ್ತಿರುವುದನ್ನು ನಿಲ್ಲಿಸೀತು, ಆಗಲೇ ತಯಾರಾಗಿ ಹರಡಿದ್ದನ್ನು ಹಿಂದಕ್ಕೆ ಕರೆಯಲಾರದು. ಜೋಮು ಬಿಡುವ ಮೊದಲೇ ಮೊದಲ ಮಾತ್ರೆ ಹೊಟ್ಟೆಯಲ್ಲಿರಬೇಕು, ಮುಂದಿನ ಎರಡು ಮೂರು ದಿನ ಗಡಿಯಾರ ನೋಡಿ ತೆಗೆದುಕೊಳ್ಳಬೇಕು ಎಂದು ಹೇಳುವುದು ಇದಕ್ಕೇ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಕಾವಲುಗಾರನಿಗೂ ಅವಮಾನ, ಬಾಗಿಲಿಗೂ ಅವಮಾನ. ‘ಮಾತ್ರೆ ತಗೊಂಡೆ, ಏನೂ ಉಪಯೋಗ ಆಗ್ಲಿಲ್ಲ’ ಎಂದು ರೋಗಿ ಹೇಳುತ್ತಾನೆ. ಮಾತ್ರೆಯ ತಪ್ಪೇನೂ ಇರುವುದಿಲ್ಲ, ಅದನ್ನು ಕರೆದ ಹೊತ್ತು ತಪ್ಪು.

ಯಾವ ಮಾತ್ರೆ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿ ವರ್ಷಗಳಾದವು. ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ತೂಗುವ ಕಾಕ್ರೇನ್ ಸಂಸ್ಥೆಯ 2013ರ ಅವಲೋಕನ ಬುದ್ಧಿ ಹಲ್ಲಿನ ನೋವನ್ನೇ ಕುರಿತದ್ದು. 1000 ಮಿಲಿಗ್ರಾಂ ಪ್ಯಾರಾಸಿಟಮಾಲ್‌ಗಿಂತ 400 ಮಿಲಿಗ್ರಾಂ ಐಬುಪ್ರೊಫೆನ್ ಮೇಲು, ಎರಡೂ ಸೇರಿದರೆ ಇನ್ನೂ ಮೇಲು ಎಂದು ಅದು ಹೇಳಿತು. ಅಮೆರಿಕದ ದಂತವೈದ್ಯ ಸಂಘ 2024ರಲ್ಲಿ ಹೊರತಂದ ಮಾರ್ಗಸೂಚಿಯೂ ಇದೇ ಮಾತ್ರೆಗಳನ್ನು ಮೊದಲ ಸಾಲಿನಲ್ಲಿ ಕೂರಿಸಿದೆ. ಇವು ನಮ್ಮ ಮೂಲೆ ಅಂಗಡಿಯಲ್ಲೂ ಸಿಗುವ, ಜುಜುಬಿ ಬೆಲೆಯ ಮಾತ್ರೆಗಳು. ಬಹುಶಃ ಅದೇ ಅವುಗಳ ಅಪರಾಧ.

ಇಷ್ಟು ಓದಿ ಯಾರೂ ನೇರವಾಗಿ ಅಂಗಡಿಗೆ ಓಡಬಾರದು. ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಹೊಟ್ಟೆಯ ಹುಣ್ಣಿದ್ದವರಿಗೆ, ಮೂತ್ರಪಿಂಡ ಸೋತವರಿಗೆ, ಇವುಗಳಿಂದ ಕೆರಳುವ ಉಬ್ಬಸ ಇರುವವರಿಗೆ, ರಕ್ತ ತೆಳುವಾಗಿಸುವ ಔಷಧಿ ನುಂಗುವವರಿಗೆ, ಬಸುರಿಯರಿಗೆ ಅಪಾಯ ತರಬಲ್ಲವು. ಡೆಂಗಿಯ ಗುಮಾನಿಯಿದ್ದರೆ ಮುಟ್ಟಲೇಬಾರದು. ಪ್ಯಾರಾಸಿಟಮಾಲ್‌ಗೂ ದಿನದ ಮಿತಿಯಿದೆ, ಗಟ್ಟಿಮುಟ್ಟಾದ ದೊಡ್ಡವರಿಗೂ ನಾಲ್ಕು ಗ್ರಾಂ ದಾಟಬಾರದು. ಇದಕ್ಕೆಂದೇ ಡಾಕ್ಟರು ಎದುರು ಕೂತು ‘ನಿನಗೆ ಏನೇನಿದೆಯಮ್ಮ’ ಎಂದು ಕೇಳಬೇಕು, ಎಷ್ಟು, ಎಷ್ಟು ಹೊತ್ತಿಗೆ, ಎಷ್ಟು ದಿನ ಎಂದು ಬರೆದುಕೊಡಬೇಕು. ಕೇಳದೆ, ಬರೆಯದೆ ‘ಎಸ್‌ಒಎಸ್’ ಎಂದು ಗೀಚುವುದು ಈ ಜವಾಬ್ದಾರಿಯನ್ನು ಮೆಲ್ಲಗೆ ಅಂಗಡಿಯವನ ಮಡಿಲಿಗೆ ಜಾರಿಸುವ ಉಪಾಯ. ಅಂಗಡಿಯವನು ಏನು ಮಾಡುತ್ತಾನೆ? ಒಂದು ಪಟ್ಟಿಯಲ್ಲಿ ಎಸಿಕ್ಲೊಫೆನ್ಯಾಕ್ ಜೊತೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬೆರೆತಿರುತ್ತದೆ. ಅದು ಸಾಲದು ಎಂದವನಿಗೆ ಐಬುಪ್ರೊಫೆನ್ ಬೆರೆತ ಇನ್ನೊಂದು ಪಟ್ಟಿ ಕೊಡುತ್ತಾನೆ. ಎರಡೂ ಒಂದೇ ಕುಲದವು, ಸೇರಿದರೆ ನೋವಿಗೆ ಲಾಭ ಕಡಿಮೆ, ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು ಜಾಸ್ತಿ ಎಂದು ಹೇಳುವವರು ಯಾರು? ಪಟ್ಟಿಯ ಹಿಂದೆ ಬರೆದಿದೆ, ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನ ಗಾತ್ರದ ಅಕ್ಷರದಲ್ಲಿ.

ಎರಡನೆಯ ಆರೋಪ ಊತವನ್ನು ಕಂಡೊಡನೆ ‘ಇನ್‌ಫೆಕ್ಷನ್’ ಎನ್ನುವ ಚಟದ ಮೇಲೆ. ನಮ್ಮಜ್ಜಿಯರು ಗಾಯವಾದಾಗ ಬದನೆಕಾಯಿ ಬೇಡ, ಕಡಲೆಕಾಯಿ ಬೇಡ, ಮೀನು ಬೇಡ, ‘ನಂಜಾಗುತ್ತೆ’ ಎನ್ನುತ್ತಿದ್ದರು. ನಾವು ನಕ್ಕೆವು, ಮೂಢನಂಬಿಕೆ ಎಂದೆವು. ಈಗ ಅದೇ ನಂಜು ಇಂಗ್ಲಿಷ್ ಕಲಿತು ಇನ್‌ಫೆಕ್ಷನ್ ಆಗಿದೆ, ಅದರ ಭಯ ಮಾತ್ರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಅಜ್ಜಿಯ ನಂಜಿಗೆ ಬೇಕಾಗಿದ್ದದ್ದು ನಾಲ್ಕು ದಿನ ಬದನೆಕಾಯಿ ಬಿಡುವ ಪಥ್ಯ. ನಮ್ಮ ನಂಜಿಗೆ ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್ ಬೇಕು, ಎರಡೇ ದಿನದಲ್ಲಿ ಇಳಿಯದಿದ್ದರೆ ಸೆಫಿಕ್ಸಿಮ್ ಬೇಕು. ಯಾರ ನಂಬಿಕೆ ಹೆಚ್ಚು ದುಬಾರಿ, ಹೆಚ್ಚು ಅಪಾಯಕಾರಿ?

ಎಲುಬು ಕೊರೆದ ಕಡೆ ದೇಹ ನೀರು, ರಕ್ತಕಣಗಳನ್ನು ತಂದು ಸುರಿದು ರಿಪೇರಿಗೆ ಇಳಿಯುವುದೇ ಊತ. ಎರಡನೆಯ ದಿನ ಅದು ಏರುತ್ತಿದ್ದರೆ ದೇಹ ಕೆಲಸ ಮಾಡುತ್ತಿದೆ ಎಂದರ್ಥ. ಸೋಂಕಿನ ಊತದ ನಡೆ ಬೇರೆ. ಮೂರನೆಯ ದಿನದ ಮೇಲೆ ಇಳಿಯಬೇಕಾದದ್ದು ಮತ್ತೆ ಏರತೊಡಗುತ್ತದೆ, ಜ್ವರ ಬರುತ್ತದೆ, ಕೀವು ಕಾಣುತ್ತದೆ. ನುಂಗಲು, ಉಸಿರಾಡಲು ಕಷ್ಟವಾದರೆ, ದನಿ ಬದಲಾದರೆ ಕ್ಲಿನಿಕ್ ತೆರೆಯುವುದನ್ನು ಕಾಯದೆ ಆಸ್ಪತ್ರೆಗೆ ಓಡಬೇಕು. ಈ ಎರಡು ಬಗೆಯ ಊತದ ವ್ಯತ್ಯಾಸ ಹೇಳಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ಉಳಿಸಲು ಐದು ದಿನದ ಆ್ಯಂಟಿಬಯಾಟಿಕ್ ಬರೆಯುತ್ತಾರೆ.

‘ಮುಂಜಾಗ್ರತೆಗೆ ಕೊಡ್ತೀವಿ’ ಎನ್ನುವವರಿಗೆ ಲೆಕ್ಕ ತೋರಿಸಬೇಕು. ಕಾಕ್ರೇನ್‌ನ 2021ರ ಅವಲೋಕನದ ಪ್ರಕಾರ, ಹಲ್ಲು ಕೀಳಿಸಿಕೊಂಡ ಆರೋಗ್ಯವಂತರಲ್ಲಿ ಒಬ್ಬರಿಗೆ ಸೋಂಕು ತಪ್ಪಿಸಲು ಸುಮಾರು 19 ಜನಕ್ಕೆ ಆ್ಯಂಟಿಬಯಾಟಿಕ್ ಕೊಡಬೇಕು. ಉಳಿದ 18 ಜನ ಏನು ಪಡೆದರು? ಬಾಯಿರುಚಿ ಕೆಟ್ಟು, ಭೇದಿ ಹಿಡಿದು, ತಮ್ಮ ಕರುಳಿನ ಬ್ಯಾಕ್ಟೀರಿಯಾಗಳಿಗೆ ಔಷಧಿಯನ್ನು ಎದುರಿಸುವ ತಾಲೀಮು ಕೊಟ್ಟರು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಆಪರೇಷನ್ನಿಗೆ ಮೊದಲೇ ಕೀವು ತುಂಬಿದ್ದವರು, ಇವರಿಗೆ ಬೇಕಾಗಬಹುದು, ಕೊಡಲಿ. ಇಪ್ಪತ್ತರ ಗಟ್ಟಿ ಹುಡುಗನಿಗೂ ಹುಡುಗಿಗೂ ಅಚ್ಚು ಹಾಕಿದಂತೆ ಒಂದೇ ಚೀಟಿ ಯಾಕೆ? ನಮ್ಮ ಹುಡುಗಿ ಮೂರು ಆ್ಯಂಟಿಬಯಾಟಿಕ್ ನುಂಗುತ್ತಿರುವಾಗಲೇ ಡ್ರೈ ಸಾಕೆಟ್ ಬಂತು, ನುಂಗುತ್ತಿದ್ದರೂ ನೋವು ಇಳಿಯಲಿಲ್ಲ. ಇಳಿಯುವಂಥದ್ದೂ ಅಲ್ಲ ಅದು. ಗುಳಿ ತೊಳೆದು ಔಷಧಿ ತುಂಬಿದಾಗಲೇ ಅದಕ್ಕೆ ಶಮನ.

ಕಾನೂನು ಏನು ಮಾಡುತ್ತಿದೆ ಎಂದು ಕೇಳಬಹುದು. ಕಾನೂನು ಇದೆ. ಆ್ಯಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯಲ್ಲಿ ಸೆಫಿಕ್ಸಿಮ್ ಕೂಡ ಇದೆ. ಅದನ್ನು ಕೊಟ್ಟರೆ ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣವನ್ನೆಲ್ಲ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಭಾನುವಾರ ಬೆಳಿಗ್ಗೆ ಭಾವನ ಕೈಗೆ ಆ ಮಾತ್ರೆ ಬಂದದ್ದು ‘ಮುಖ ಊದಿದೆ’ ಎಂಬ ಎರಡು ಪದಕ್ಕೆ. ಪುಸ್ತಕವನ್ನು ಯಾರೂ ತೆರೆಯಲಿಲ್ಲ, ಬಿಲ್ಲನ್ನೂ ಕೊಡಲಿಲ್ಲ.

ಮೂರನೆಯ ಆರೋಪ ಆ ‘ಊತದ ಮಾತ್ರೆ’ಯ ಮೇಲೆ. ಅದರ ಹೆಸರು ಸೆರಾಶಿಯೊಪೆಪ್ಟಿಡೇಸ್. ಇದರ ಕಥೆ ರೇಷ್ಮೆ ಸೀಮೆಯ ನಮಗೆ ಹತ್ತಿರದ್ದು. ರೇಷ್ಮೆ ಹುಳುವಿನ ಕರುಳಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ತೆಗೆದ ಕಿಣ್ವ ಇದು. ಜಪಾನಿನ ತಕೇಡ ಕಂಪನಿ ವರ್ಷಗಟ್ಟಲೆ ಮಾರಿತು. ಸರಿಯಾದ ಪರೀಕ್ಷೆ ನಡೆಸಿ ನೋಡಿದಾಗ ಔಷಧಿಯೇ ಇಲ್ಲದ ಖಾಲಿ ಮಾತ್ರೆಗಿಂತ ಇದು ಮೇಲೆಂದು ತೋರಿಸಲಾಗಲಿಲ್ಲ. 2011ರಲ್ಲಿ ಕಂಪನಿ ತಾನಾಗಿಯೇ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡಿತು. ಹುಟ್ಟಿದ ಮನೆಯಲ್ಲೇ ಮರ್ಯಾದೆ ಕಳೆದುಕೊಂಡ ಮಾತ್ರೆ ನಮ್ಮೂರಿನಲ್ಲಿ ಇಂದಿಗೂ ಹಬ್ಬದ ಊಟದ ಉಪ್ಪಿನಕಾಯಿಯಂತೆ ಪ್ರತಿ ಎಲೆಗೂ ಬೀಳುತ್ತಿದೆ. ‘ನಮ್ಮ ಅನುಭವದಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ ಸಾರ್’ ಎನ್ನುತ್ತಾರೆ. ಮಾಡದೆ ಏನು? ವಾರದೊಳಗೆ ತಾನಾಗಿ ಇಳಿಯುವ ಊತಕ್ಕೆ ಒಂದು ವಾರ ಏನು ಕೊಟ್ಟರೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಡ್ಲೆಪುರಿ ಕೊಟ್ಟಿದ್ದರೂ ಮಾಡುತ್ತಿತ್ತು.

ನಿಜವಾಗಿ ಊತಕ್ಕೆ ಕೆಲಸ ಮಾಡುವುದು ಇಲ್ಲವೆಂದಲ್ಲ. ಆಪರೇಷನ್ ಹೊತ್ತಿನಲ್ಲಿ ಕೊಡುವ ಡೆಕ್ಸಾಮೆಥಾಸೋನ್‌ನ ಒಂದೇ ಒಂದು ಡೋಸು ಊತವನ್ನೂ ಬಾಯಿಯ ಬಿಗಿತವನ್ನೂ ಕಡಿಮೆ ಮಾಡುತ್ತದೆ ಎಂದು ಹಲವು ಪ್ರಯೋಗಗಳು ತೋರಿಸಿವೆ. ಅದು ಯಾರಿಗೆ ಸರಿ, ಯಾರಿಗೆ ಬೇಡ ಎಂಬುದು ಡಾಕ್ಟರ ವಿವೇಚನೆ. ವಿವೇಚನೆಗೆ ಯೋಚನೆ ಬೇಕು, ರೇಷ್ಮೆ ಹುಳುವಿನ ಮಾತ್ರೆಗೆ ಪೆನ್ನು ಸಾಕು.

ನಾಲ್ಕನೆಯ ಆರೋಪ ನಮ್ಮ ಮನೆಗಳ ಮೇಲೆ. ನಮ್ಮನ್ನು ನಾವೇ ಬಿಟ್ಟುಕೊಂಡರೆ ಈ ಲೇಖನ ಸುಳ್ಳಾಗುತ್ತದೆ. ಮೊದಲ ದಿನವೇ ಬಟ್ಟೆ ಕಾಯಿಸಿ ಕೆನ್ನೆಗೆ ಶಾಖ ಕೊಡುವವರು ನಾವು. ಆ ಶಾಖಕ್ಕೆ ರಕ್ತನಾಳ ಹಿಗ್ಗಿ ರಕ್ತವೂ ಊತವೂ ಹೆಚ್ಚಾಗುತ್ತವೆ. ಮೊದಲ ದಿನ ಬೇಕಾದದ್ದು ತಂಪು, ಬಟ್ಟೆಯಲ್ಲಿ ಸುತ್ತಿದ ಐಸನ್ನು ಇಪ್ಪತ್ತು ನಿಮಿಷ ಇಟ್ಟು, ಇಪ್ಪತ್ತು ನಿಮಿಷ ತೆಗೆಯುವುದು. ಐಸು ಪವಾಡ ಮಾಡುವುದಿಲ್ಲ, ಆದರೆ ಹಾನಿಯಿಲ್ಲ, ಹಿತವಾಗುತ್ತದೆ. ‘ಶೀತ ಆಗುತ್ತೆ’ ಎಂದು ಅದನ್ನು ಕಸಿದುಕೊಳ್ಳುತ್ತೇವೆ. ‘ಮೊಸರು ತಿಂದರೆ ಕೀವಾಗುತ್ತೆ’ ಎಂದು ತಟ್ಟೆ ಎಳೆದುಕೊಳ್ಳುತ್ತೇವೆ. ಬಾಯಿ ತೆರೆಯಲಾಗದ ಹುಡುಗಿಗೆ ತಣ್ಣನೆಯ ಮೊಸರನ್ನ, ಆರಿದ ರಾಗಿ ಅಂಬಲಿಗಿಂತ ಒಳ್ಳೆಯ ಊಟ ಇನ್ನೇನಿದೆ? ಬಾಯಿ ಕ್ಲೀನಾಗಲಿ ಎಂದು ಅದೇ ಸಂಜೆ ಉಪ್ಪುನೀರು ಮುಕ್ಕಳಿಸಿ ಜೋರಾಗಿ ಉಗುಳಿಸುತ್ತೇವೆ, ಗುಳಿಯನ್ನು ಮುಚ್ಚಿ ಕಾಯಬೇಕಾದ ಹೆಪ್ಪು ಉಗುಳಿನ ಜೊತೆ ಹೊರಟುಹೋಗುತ್ತದೆ. ಉಪ್ಪುನೀರು ಒಳ್ಳೆಯದೇ, 24 ಗಂಟೆ ಕಳೆದ ಮೇಲೆ, ಉಗುರುಬೆಚ್ಚಗೆ, ಮೆಲ್ಲಗೆ. ಲವಂಗದ ಎಣ್ಣೆಯನ್ನು ಹಸಿ ಗಾಯಕ್ಕೆ ಸುರಿದು ವಸಡು ಸುಡುತ್ತೇವೆ. ಲವಂಗದ ಸಾರ ಡ್ರೈ ಸಾಕೆಟ್‌ಗೆ ತುಂಬುವ ಔಷಧಿಯಲ್ಲೂ ಇರುತ್ತದೆ, ಆದರೆ ಹದವರಿತ ಕೈಯಿಂದ. ಇನ್ನು ನೋವಿಗೆಂದು ಕಡ್ಡಿಪುಡಿ, ಹೊಗೆಸೊಪ್ಪು ಒತ್ತಿಕೊಳ್ಳುವವರಿಗೆ, ‘ಒಂದೇ ಒಂದು’ ಎಂದು ಬೀಡಿ ಹಚ್ಚುವವರಿಗೆ ಏನು ಹೇಳುವುದು? ಡ್ರೈ ಸಾಕೆಟ್‌ಗೆ ತಂಬಾಕಿನಷ್ಟು ಒಳ್ಳೆಯ ಆಮಂತ್ರಣ ಪತ್ರಿಕೆ ಇಲ್ಲ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳಿಗೆ ಅದು ಬರುವ ಸಂಭವ ಹೆಚ್ಚು. ಇದನ್ನು ಎಷ್ಟು ಡಾಕ್ಟರು ಕೇಳುತ್ತಾರೆ? ಕೇಳಿದರೂ ಅಪ್ಪನ ಎದುರಿಗೆ ಕೇಳಿದರೆ ಹುಡುಗಿ ಏನು ಹೇಳಿಯಾಳು?

ಮನೆಯವರ ತಪ್ಪಿನ ಬಗ್ಗೆ ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಹೇಳಬೇಕಾದವರು ಹೇಳದಿದ್ದಾಗ ಜನ ಅಜ್ಜಿಯನ್ನು ಕೇಳದೆ ಯಾರನ್ನು ಕೇಳಬೇಕು?

‘ನೋವು ಹೆಚ್ಚಾದರೆ ಸ್ಟ್ರಾಂಗ್ ಮಾತ್ರೆ ಕೊಡ್ತೀವಲ್ಲ’ ಎನ್ನುವವರೂ ಇದ್ದಾರೆ. ಅವರು ಅಮೆರಿಕದ ಕಡೆ ಒಮ್ಮೆ ನೋಡಬೇಕು. ಅಲ್ಲಿ ಹದಿನೇಳು, ಹದಿನೆಂಟಕ್ಕೆ ಬುದ್ಧಿ ಹಲ್ಲು ತೆಗೆಸುವುದು ಕಾಲೇಜಿಗೆ ಹೋಗುವ ಮೊದಲಿನ ಒಂದು ಶಾಸ್ತ್ರವೇ ಆಗಿದೆ, ನಮ್ಮ ಕನ್ನಡದ ಮನೆಗಳ ಮಕ್ಕಳೂ ಇದಕ್ಕೆ ಹೊರತಲ್ಲ. ಆ ನೋವಿಗೆಂದು ವರ್ಷಗಟ್ಟಲೆ ಅಫೀಮಿನ ಕುಲದ ಮಾತ್ರೆಗಳನ್ನು ಬರೆದರು. ಎಷ್ಟೋ ಎಳೆಯರು ಆ ಮಾತ್ರೆಯ ರುಚಿ ಮೊದಲು ಕಂಡದ್ದೇ ಹಲ್ಲಿನ ಡಾಕ್ಟರ ಚೀಟಿಯಲ್ಲಿ. 2025ರಲ್ಲಿ ಪ್ರಕಟವಾದ, 1,800ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದಲ್ಲಿ ಅಫೀಮು ಕುಲದ ಮಾತ್ರೆಗಿಂತ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಜೋಡಿಯೇ ನೋವಿಗೆ ಒಳ್ಳೆಯದೆಂದು ಕಂಡಿತು. ನಮ್ಮಲ್ಲಿ ಅದೇ ಕುಲದ ಟ್ರಮಡಾಲ್ 2018ರಿಂದ ಮಾದಕ ವಸ್ತುಗಳ ಕಾಯ್ದೆಯ ಅಡಿಯಲ್ಲಿದೆ. ಆದರೂ ಹಲ್ಲಿನ ಚೀಟಿಗಳಲ್ಲಿ ಅದು ಆಗಾಗ ಇಣುಕುತ್ತದೆ. ಮೊದಲ ರಾತ್ರಿಗೆ ಎರಡು ಸಾದಾ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ಕೊಡಲು ಸೋಮಾರಿತನ ಮಾಡಿ, ಮೂರನೆಯ ದಿನಕ್ಕೆ ‘ಸ್ಟ್ರಾಂಗ್’ ಹುಡುಕುವುದು ಎಂಥ ಜಾಣತನ?

ಡಾಕ್ಟರ ವಾದಗಳನ್ನೂ ಕೇಳಿದ್ದೇನೆ. ‘ಸಮಯ ಇಲ್ಲ.’ ಮುಕ್ಕಾಲು ಗಂಟೆ ಎಲುಬು ಕೊರೆಯಲು ಇರುವ ಸಮಯ ಎರಡು ನಿಮಿಷ ಮಾತಾಡಲು ಇಲ್ಲವೆ? ‘ಹೇಳಿದರೂ ಜನ ಕೇಳಲ್ಲ.’ ಜೋಮು ಹಿಡಿದ ಬಾಯಿ, ಹತ್ತಿ ಕಚ್ಚಿದ ಹಲ್ಲು, ಗಾಬರಿಯ ಮುಖ: ಈ ಸ್ಥಿತಿಯಲ್ಲಿ ಹೇಳಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಆಪರೇಷನ್ನಿನ ಹಿಂದಿನ ದಿನ ಹೇಳಿ, ಬರೆದುಕೊಡಿ. ‘ಆ್ಯಂಟಿಬಯಾಟಿಕ್ ಕೊಡದೆ ಏನಾದರೂ ಆದರೆ ಗ್ರಾಹಕರ ಕೋರ್ಟು.’ ವೈದ್ಯರ ಸೇವೆ ಗ್ರಾಹಕ ಕಾಯ್ದೆಯ ಅಡಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಭಯ ಅರ್ಥವಾಗುತ್ತದೆ. ಆದರೆ ಭಯ ಡಾಕ್ಟರದ್ದು, ಮಾತ್ರೆ ರೋಗಿಯ ಹೊಟ್ಟೆಗೆ! ತಮ್ಮ ಧೈರ್ಯಕ್ಕೆಂದು ಬರೆದ ಔಷಧಿಯನ್ನು ತಾವೇ ನುಂಗುವ ಪದ್ಧತಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಚೀಟಿಗಳು ಎಷ್ಟು ಚಿಕ್ಕವಾಗುತ್ತಿದ್ದವು!

ದೇಶದಲ್ಲಿ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಮಣಿಪಾಲದ ಕಾಲೇಜು 1953ರದ್ದು, ಬೆಂಗಳೂರಿನ ಸರ್ಕಾರಿ ಕಾಲೇಜು 1958ರದ್ದು. ಎಪ್ಪತ್ತು ವರ್ಷಗಳಿಂದ ಇಲ್ಲಿ ಹಲ್ಲು ಕೀಳುವುದನ್ನು ಕಲಿಸುತ್ತಿದ್ದೇವೆ. ಈಗ ಯಾವ ಬೀದಿಗೆ ಹೋದರೂ ಗಾಜಿನ ಬಾಗಿಲಿನ ಹಲ್ಲಿನ ಕ್ಲಿನಿಕ್, ನಗುವ ತಾರೆಯ ಚಿತ್ರ, ‘ಸ್ಮೈಲ್ ಡಿಸೈನ್’ ಬೋರ್ಡು. ಒಳಗೆ ಹೋಗಿ ‘ಹಲ್ಲು ಕಿತ್ತ ಮೇಲೆ ಏನು ಮಾಡಬೇಕು ಎಂದು ಕನ್ನಡದಲ್ಲಿ ಒಂದು ಹಾಳೆ ಕೊಡಿ’ ಎಂದು ಕೇಳಿ ನೋಡಿ. ಕಂತಿನಲ್ಲಿ ಹಣ ಕಟ್ಟುವ ವಿವರ ಕನ್ನಡದಲ್ಲಿ ಸಿಗಬಹುದು. ಆ ಹಾಳೆ ಸಿಗುವುದು ಅಪರೂಪ.

ಆದ್ದರಿಂದ ಬೇಡಿಕೆಯನ್ನು ಸ್ಪಷ್ಟವಾಗಿ ಇಡುತ್ತೇನೆ. ಬುದ್ಧಿ ಹಲ್ಲು ತೆಗೆಯುವ ಪ್ರತಿ ಕ್ಲಿನಿಕ್ಕೂ ರೋಗಿಯ ಕೈಗೆ, ಆಪರೇಷನ್ನಿಗೆ ಮೊದಲು, ಒಂದು ಕನ್ನಡದ ಹಾಳೆ ಕೊಡಲೇಬೇಕು. ಮೊದಲ ಮಾತ್ರೆ ಎಷ್ಟು ಗಂಟೆಗೆ, ಮುಂದಿನದು ಎಷ್ಟು ಗಂಟೆಗೆ, ಎಷ್ಟು ದಿನ ಎಂದು ಅದರಲ್ಲಿ ಕೈಯಿಂದ ಬರೆದಿರಬೇಕು. ಎರಡನೆಯ, ಮೂರನೆಯ ದಿನ ಮುಖ ಊದುತ್ತದೆ, ಹೆದರಬೇಡಿ ಎಂದಿರಬೇಕು. ಯಾವ ಲಕ್ಷಣ ಕಂಡರೆ ಹೆದರಬೇಕು ಎಂದೂ ಇರಬೇಕು. ಭಾನುವಾರವೂ ಎತ್ತುವ ಒಂದು ಫೋನ್ ನಂಬರ್ ಇರಬೇಕು. ಭಾನುವಾರ ಫೋನ್ ಎತ್ತಲಾರದವರು ಶುಕ್ರವಾರ ಸಂಜೆ ಎಲುಬು ಕೊರೆಯಬಾರದು. ಆ್ಯಂಟಿಬಯಾಟಿಕ್ ಬರೆದರೆ ಯಾಕೆ ಎಂದು ಪಕ್ಕದಲ್ಲಿ ಒಂದು ಸಾಲು ಬರೆಯಬೇಕು. ಕಾರಣ ಬರೆಯಲು ತೋಚದಿದ್ದರೆ ಔಷಧಿಯನ್ನೂ ಬರೆಯಬೇಡಿ. ದಂತ ಕಾಲೇಜುಗಳು ಹಲ್ಲು ಕೀಳುವ ಪರೀಕ್ಷೆಗೆ ಅಂಕ ಕೊಡುವಾಗ ಈ ಹಾಳೆ ಬರೆಯುವುದಕ್ಕೂ, ಕನ್ನಡದಲ್ಲಿ ರೋಗಿಗೆ ಹೇಳುವುದಕ್ಕೂ ಅಂಕ ಇಡಲಿ. ಔಷಧ ನಿಯಂತ್ರಣ ಇಲಾಖೆಯ ಇನ್‌ಸ್ಪೆಕ್ಟರುಗಳು ಎಚ್1 ಪುಸ್ತಕವನ್ನು ಒಮ್ಮೆ ತೆರೆಸಿ ನೋಡಲಿ.

ಓದುಗರೇ, ಇವೆಲ್ಲ ಆಗುವವರೆಗೆ ನೀವು ಬಾಯಿ ಮುಚ್ಚಿಕೊಂಡು ಕೂರಬೇಕಿಲ್ಲ. ಹಲ್ಲಿನ ಕುರ್ಚಿಯಲ್ಲಿ ಬಾಯಿ ತೆರೆಯುವ ಮೊದಲು ಅದೇ ಬಾಯಿಂದ ನಾಲ್ಕು ಪ್ರಶ್ನೆ ಕೇಳಿ. ಜೋಮು ಬಿಡುವ ಮೊದಲು ಯಾವ ಮಾತ್ರೆ? ಈ ಆ್ಯಂಟಿಬಯಾಟಿಕ್ ನನಗೇ ಯಾಕೆ? ಈ ಊತದ ಮಾತ್ರೆ ನಿಜವಾಗಿ ಏನು ಮಾಡುತ್ತದೆ? ರಾತ್ರಿ ಹನ್ನೆರಡಕ್ಕೆ ಯಾರಿಗೆ ಫೋನ್ ಮಾಡಲಿ? ಉತ್ತರ ಬರೆಸಿಕೊಂಡ ಮೇಲೆ ಕುರ್ಚಿಯಲ್ಲಿ ಒರಗಿ. ಉತ್ತರ ಸಿಗದಿದ್ದರೆ, ಸಿಗುವ ಇನ್ನೊಂದು ಕುರ್ಚಿ ಹುಡುಕಿಕೊಂಡು ಎದ್ದು ಬನ್ನಿ.